ಚುಕ್ಕೆ ಇಡುವ ಮೊದಲು: ಘಟನಾ ಸ್ಥಳದ ಡಿಜಿಟಲ್ ನಕ್ಷೆ ಮಾಡುವ ಕ್ರಮ

ಮಹಜರಿನ ಹಿಂದೆ ಪಿನ್ ಹಾಕಿರುವ ಕೈನಕ್ಷೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಎರಡು ಗೆರೆ ಎಳೆದರೆ ರಸ್ತೆ. ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ‘ಬೈಕ್ ಬಿದ್ದಿದ್ದ ಜಾಗ’. ಮೂಲೆಯಲ್ಲಿ ಉತ್ತರಕ್ಕೊಂದು ಬಾಣ. ಚೆಕ್ಕುಬಂದಿ ನೋಡಿದರೆ ಪೂರ್ವಕ್ಕೆ ಹುಣಸೆ ಮರ, ಪಶ್ಚಿಮಕ್ಕೆ ಹೆದ್ದಾರಿ, ಉತ್ತರಕ್ಕೆ ಖಾಲಿ ಜಮೀನು, ದಕ್ಷಿಣಕ್ಕೆ ಟೀ ಅಂಗಡಿ. ಕೇಸು ಸಾಕ್ಷಿ ಹಂತಕ್ಕೆ ಬರುವಷ್ಟರಲ್ಲಿ ಮೂರು ನಾಲ್ಕು ವರ್ಷ ಕಳೆದಿರುತ್ತದೆ. ರಸ್ತೆ ಅಗಲ ಮಾಡುವಾಗ ಹುಣಸೆ ಮರ ಹೋಗಿರುತ್ತದೆ. ಟೀ ಅಂಗಡಿ ಎದುರು ಬದಿಗೆ ದಾಟಿರುತ್ತದೆ. ಪಾಟಿಸವಾಲಿನಲ್ಲಿ ವಕೀಲರು ‘ಮರದಿಂದ ಬೈಕಿಗೆ ಎಷ್ಟು ಅಡಿ?’ ಅಂತ ಕೇಳಿದರೆ ತನಿಖಾಧಿಕಾರಿ ಏನು ಹೇಳಬೇಕು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಕೆಲಸವನ್ನು ಇನ್ನೂ ಬಿಗಿ ಮಾಡಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು ಅಂತ ಕಲಂ 176(3) ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದೆ. ಅಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಯ ಮೇಲೆ ಸರಿಯಾಗಿ ಕೂರಿಸುವುದಕ್ಕೆ ಡಿಜಿಟಲ್ ನಕ್ಷೆ ಬೇಕು. ಫೊರೆನ್ಸಿಕ್ ಓದುತ್ತಿರುವವರು, ಹೊಸದಾಗಿ ಠಾಣೆಗೆ ಬಂದ ಅಧಿಕಾರಿಗಳು, ಎದುರು ಕಡೆಯ ನಕ್ಷೆಯನ್ನು ಜಾಲಾಡಬೇಕಾದ ವಕೀಲರು, ಮೂವರಿಗೂ ಕೆಲಸಕ್ಕೆ ಬರುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಒಂದೇ ಉದಾಹರಣೆ ಹಿಡಿದು ಹೋಗೋಣ. ಹಿರಿಯೂರು ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ 11ರ ಸುಮಾರಿಗೆ ಒಂದು ಲಾರಿ ಬೈಕಿಗೆ ಗುದ್ದಿ ನಿಲ್ಲಿಸದೆ ಹೋಯಿತು ಅಂದುಕೊಳ್ಳಿ. ಕಟ್ಟಿದ ಕಥೆ ಇದು, ಆದರೆ ಇಂಥದ್ದು ನಡೆಯದ ವಾರ ಇಲ್ಲ.

ಮೊದಲು ಪ್ರಶ್ನೆ, ಆಮೇಲೆ ಸಾಫ್ಟ್‌ವೇರ್

ಲ್ಯಾಪ್‌ಟಾಪ್ ತೆರೆಯುವ ಮುಂಚೆ ಒಂದು ಚೀಟಿ ತಗೊಂಡು ಈ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಬರೆಯಿರಿ. ನಮ್ಮ ಕೇಸಿನಲ್ಲಿ ನಾಲ್ಕಿವೆ. ಗುದ್ದಿದ್ದು ಯಾವ ಲೇನಿನಲ್ಲಿ? ಲಾರಿ ಎಷ್ಟು ವೇಗದಲ್ಲಿತ್ತು? ಆಮೇಲೆ ಯಾವ ಕಡೆ ಹೋಯಿತು? ‘ನಾನು ನೋಡಿದೆ’ ಅನ್ನುವ ಟೀ ಅಂಗಡಿಯವರಿಗೆ ಅಲ್ಲಿಂದ ಕಾಣುತ್ತಿತ್ತಾ?

ಲೇನಿನ ಪ್ರಶ್ನೆಗೆ ಅರ್ಧ ಅಡಿಯ ತಪ್ಪೂ ದುಬಾರಿ. ಲಾರಿ ಸಿರಾ ಕಡೆಗೆ ಹೋಯಿತಾ ಚಿತ್ರದುರ್ಗದ ಕಡೆಗಾ ಅನ್ನುವುದಕ್ಕೆ ನೂರು ಮೀಟರ್ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ. ಎರಡಕ್ಕೂ ಒಂದೇ ಅಳತೆ, ಒಂದೇ ನಕ್ಷೆ ಅಂತ ಹೊರಟರೆ ಎರಡೂ ಕೆಡುತ್ತವೆ. ಸ್ಥಳದ ದೊಡ್ಡ ನಕ್ಷೆ ಬೇರೆ ಮಾಡಿ, ದಾರಿಯ ನಕ್ಷೆ ಬೇರೆ ಮಾಡಿ.

ಜಾಗದಲ್ಲಿ: ಟೇಪನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ

ಫೋನಿನಲ್ಲಿ ಜಿಪಿಎಸ್ ಇದೆ, ಟೇಪು ಯಾಕೆ ಅನ್ನುವವರು ಜಾಸ್ತಿ. ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವ ಕಡೆ ಒಳ್ಳೆಯ ಫೋನು ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ಮರದ ಕೆಳಗೆ, ಫ್ಲೈಓವರ್ ಅಡಿಯಲ್ಲಿ, ಎತ್ತರದ ಕಟ್ಟಡಗಳ ಮಧ್ಯೆ ಇನ್ನೂ ಕೆಡುತ್ತದೆ. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಅಂದರೆ ಫೋನನ್ನು ನಂಬಿ ‘ಗುದ್ದಿದ್ದು ಎಡ ಲೇನಿನಲ್ಲಿ’ ಅಂತ ಬರೆದರೆ ಅದು ಊಹೆ ಅಷ್ಟೇ.

ಫೋನು 13.945217 ಅಂತ ಆರು ಅಂಕಿ ತೋರಿಸುತ್ತದಲ್ಲ, ಅದನ್ನು ನೋಡಿ ಮೋಸ ಹೋಗುವುದು ಸುಲಭ. ಆರನೇ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಫೋನು ಅಷ್ಟು ಸೂಕ್ಷ್ಮವಾಗಿ ಬರೆಯುತ್ತದೆ, ಅಷ್ಟು ಸೂಕ್ಷ್ಮವಾಗಿ ಅದಕ್ಕೆ ಗೊತ್ತಿರುವುದಿಲ್ಲ. ಜಿಪಿಎಸ್ ಆಪ್‌ನಲ್ಲಿ ‘ಅಕ್ಯುರೆಸಿ’ ಅಂತ ಬರುವ ಅಂಕಿಯನ್ನೂ ಪ್ರತಿ ಸಲ ಬರೆದುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಹಾಗಾಗಿ ಕೆಲಸ ಹಂಚಿ. ಇಡೀ ಜಾಗ ಭೂಮಿಯ ಮೇಲೆ ಎಲ್ಲಿದೆ ಅನ್ನುವುದನ್ನು ಜಿಪಿಎಸ್ ಹೇಳಲಿ. ಬೈಕಿನಿಂದ ಚಪ್ಪಲಿಗೆ ಎಷ್ಟು ದೂರ ಅನ್ನುವುದನ್ನು ಟೇಪು ಹೇಳಲಿ.

ಕ್ರಮ ಹೀಗೆ. ಏನನ್ನೂ ಮುಟ್ಟುವ ಮೊದಲು ನಂಬರ್ ಗುರುತು ಇಟ್ಟು ಫೋಟೊ ತೆಗೆಯಿರಿ. ದೂರದಿಂದ ಒಂದು, ಮಧ್ಯದಿಂದ ಒಂದು, ಹತ್ತಿರದಿಂದ ಸ್ಕೇಲ್ ಇಟ್ಟು ಒಂದು. ಆಮೇಲೆ ಹತ್ತು ವರ್ಷ ಆದರೂ ಅಲ್ಲೇ ಇರುವ ಎರಡು ಗುರುತು ಹುಡುಕಿ. ಮರ ಬೇಡ, ಅಂಗಡಿ ಬೇಡ, ಕರೆಂಟ್ ಕಂಬ ಆದಷ್ಟೂ ಬೇಡ. ಹೆದ್ದಾರಿಯಲ್ಲಿ ನನಗೆ ಹೆಚ್ಚು ಇಷ್ಟ ಮೋರಿ. ಮೋರಿಯ ತಡೆಗೋಡೆ ಮೇಲೆ ಕಿಲೋಮೀಟರ್ ಮತ್ತು ಕ್ರಮಸಂಖ್ಯೆ ಬರೆದಿರುತ್ತಾರೆ, 152/3 ಅಂದ ಹಾಗೆ. ಗೋಡೆಯ ಮೂಲೆ ಗಟ್ಟಿ ಬಿಂದು. ಹಳದಿ ತಲೆಯ ಕಿಲೋಮೀಟರ್ ಕಲ್ಲೂ ಆಗಬಹುದು, ಆದರೆ ಕಾಮಗಾರಿ ಬಂದರೆ ಅದನ್ನು ಎತ್ತಿ ಪಕ್ಕಕ್ಕಿಡುತ್ತಾರೆ.

ಮೋರಿ ಗೋಡೆಯ ಮೂಲೆಯನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ರಸ್ತೆ ಅಂಚಿನ ಬಿಳಿ ಗೆರೆಯ ಉದ್ದಕ್ಕೂ ಟೇಪು ಹಾಸಿ. ಪ್ರತಿ ವಸ್ತುವಿಗೂ ಮೀಟರಿನಲ್ಲಿ ಎರಡು ಅಂಕಿ ಬರೆಯಿರಿ: ಗೆರೆಯ ಉದ್ದಕ್ಕೆ ಎಷ್ಟು ದೂರ, ಗೆರೆಯಿಂದ ರಸ್ತೆ ಒಳಗೆ ಎಷ್ಟು. ಹೆಡ್‌ಲೈಟ್ ಗಾಜು: 31.40, 2.15. ಬೈಕಿನ ಮುಂದಿನ ಚಕ್ರದ ಅಚ್ಚು: 44.80, 0.60. ಮುಖ್ಯವಾದ ನಾಲ್ಕೈದು ವಸ್ತುಗಳನ್ನು ಎರಡನೇ ಗುರುತಿನಿಂದಲೂ ಅಳೆಯಿರಿ. ಎರಡೂ ಲೆಕ್ಕ ತಾಳೆಯಾದರೆ ನೆಮ್ಮದಿ, ಆಗದಿದ್ದರೆ ಅಲ್ಲೇ ಮತ್ತೆ ಅಳೆಯಬಹುದು. ಮನೆಗೆ ಬಂದ ಮೇಲೆ ಗೊತ್ತಾದರೆ ರಸ್ತೆ ತೊಳೆದಿರುತ್ತಾರೆ.

ಬ್ರೇಕ್ ಗುರುತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಟೈರು ಉಜ್ಜಿದ ಉದ್ದವನ್ನು ರಸ್ತೆಯ ಘರ್ಷಣೆಯ ಅಂಕಿಯಿಂದ ಗುಣಿಸಿ, ಅದರ ವರ್ಗಮೂಲ ತೆಗೆದು, 15.9ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿ.ಮೀ. ಅಂತ ವೇಗ ಸಿಗುತ್ತದೆ. ಮಟ್ಟಸ ರಸ್ತೆ, ಚಕ್ರ ಪೂರ್ತಿ ಲಾಕ್ ಆಗಿದೆ, ಘರ್ಷಣೆ 0.6 ಅಂತಿಟ್ಟುಕೊಳ್ಳಿ. ಗುರುತು 25 ಮೀಟರ್ ಇದ್ದರೆ ಉತ್ತರ ಸುಮಾರು 62. ಟೇಪು ಬಿಟ್ಟು ಗುರುತಿನ ಎರಡು ತುದಿಯಲ್ಲಿ ಫೋನು ಹಿಡಿದು ಅಳೆದಿದ್ದರೆ? 20 ಮೀಟರ್ ಅಂತ ಬಂದರೆ ವೇಗ 55, 30 ಅಂತ ಬಂದರೆ 67. ಗುರುತು ಅದೇ, ಲಾರಿ ಅದೇ. ಇಷ್ಟು ವ್ಯತ್ಯಾಸ ಸಿಕ್ಕರೆ ಎದುರು ವಕೀಲರಿಗೆ ಹಬ್ಬ ಅಲ್ವಾ? ನಮ್ಮ ಲಾರಿ ನಿಂತಿಲ್ಲ, ಮುಂದಕ್ಕೆ ಹೋಗಿದೆ. ಹಾಗಾಗಿ ಈ ಅಂಕಿ ಕನಿಷ್ಠ ವೇಗ ಮಾತ್ರ. ಆ ರಸ್ತೆ, ಆ ಟೈರಿಗೆ ಘರ್ಷಣೆ ಎಷ್ಟು ಅಂತ ನಿರ್ಧರಿಸುವುದು ತಜ್ಞರ ಕೆಲಸ. ಉದ್ದ ಸರಿಯಾಗಿ ಕೊಡುವುದು ನಿಮ್ಮ ಕೆಲಸ.

ಡಿಜಿಪಿಎಸ್ (ಜಿಪಿಎಸ್ ಅಳತೆಯ ತಪ್ಪನ್ನು ಸ್ಥಿರ ಕೇಂದ್ರವೊಂದರ ನೆರವಿನಿಂದ ತಿದ್ದುವ ಉಪಕರಣ) ಸಿಕ್ಕರೆ ಅದೃಷ್ಟ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ ಸ್ಟೇಷನ್‌ಗಳ, ಅಂದರೆ ಅಂಥ ಸ್ಥಿರ ಕೇಂದ್ರಗಳ ಜಾಲ ಕರ್ನಾಟಕದಲ್ಲಿದೆ. ಅದಕ್ಕೆ ಜೋಡಿಸಿದರೆ ಸೆಂಟಿಮೀಟರ್ ಮಟ್ಟದ ಅಳತೆ ಬರುತ್ತದೆ. ಡ್ರೋನ್ ಹಾರಿಸುವುದಿದ್ದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಆ ಜಾಗ ಹಸಿರು ವಲಯವೋ ಹಳದಿಯೋ ಕೆಂಪೋ ಅಂತ ಮೊದಲು ನೋಡಿ. ಮೇಲಿನಿಂದ ತೆಗೆದ ಫೋಟೊಗಳನ್ನು ಹೊಲಿದು ಒಂದೇ ಚಿತ್ರ ಮಾಡಿದ ಮೇಲೂ ಅದರಲ್ಲಿ ಟೇಪಿನಿಂದ ಅಳೆದ ಒಂದೆರಡು ದೂರವನ್ನು ಪರೀಕ್ಷೆ ಮಾಡಿ.

ಫೋಟೊ ಮತ್ತು ಗಡಿಯಾರ

ಠಾಣೆ ಗ್ರೂಪಿಗೆ ವಾಟ್ಸಾಪ್‌ನಲ್ಲಿ ಹಾಕಿದ ಫೋಟೊವನ್ನೇ ಇಳಿಸಿಕೊಂಡು ನಕ್ಷೆ ಮಾಡಲು ಕೂತವರಲ್ಲಿ ನಾನೂ ಒಬ್ಬ. ಸಾಫ್ಟ್‌ವೇರ್ ಒಂದಕ್ಕೂ ಜಾಗ ತೋರಿಸಲಿಲ್ಲ. ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದರೊಳಗಿನ ಸ್ಥಳ, ಸಮಯದ ಮಾಹಿತಿಯನ್ನು ಕಿತ್ತು ಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು ಕ್ಯಾಮೆರಾದ ಕಾರ್ಡಿನಿಂದಲೇ ಮೂಲ ಪ್ರತಿ ತೆಗೆದು, ಅದರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಚೂರು ಬದಲಾದರೂ ಅದು ಬದಲಾಗುತ್ತದೆ) ಬರೆದಿಟ್ಟು, ನಕಲಿನ ಮೇಲೆ ಕೆಲಸ ಮಾಡುವುದು.

ಸಿಸಿಟಿವಿ ಗಡಿಯಾರವನ್ನು ಯಾವತ್ತೂ ನಂಬಬೇಡಿ. ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ) ಮುಂದೆ ನಿಂತಾಗ ಪರದೆಯ ಮೇಲಿನ ಸಮಯ, ನಿಮ್ಮ ಫೋನಿನ ನೆಟ್‌ವರ್ಕ್ ಸಮಯ, ಎರಡೂ ಒಂದೇ ಫೋಟೊದಲ್ಲಿ ಬರುವ ಹಾಗೆ ಕ್ಲಿಕ್ ಮಾಡಿ. ನಮ್ಮ ಲಾರಿ ವಿಷಯಕ್ಕೆ ಬನ್ನಿ. ಟೋಲ್ ಕ್ಯಾಮೆರಾದಲ್ಲಿ ಅದು 11:24ಕ್ಕೆ ಕಾಣುತ್ತದೆ. ಗುದ್ದಿದ್ದು 11:00ರಿಂದ 11:05ರ ಒಳಗೆ. ರಸ್ತೆಯ ಉದ್ದಕ್ಕೆ ಅಳೆದರೆ ಮಧ್ಯೆ 18 ಕಿ.ಮೀ. ಗಡಿಯಾರ ಸರಿ ಅಂದುಕೊಂಡರೆ ಲಾರಿಯ ವೇಗ ಗಂಟೆಗೆ 45ರಿಂದ 57. ಆದರೆ ಆ ಗಡಿಯಾರ 7 ನಿಮಿಷ ಮುಂದಿತ್ತು. ನಿಜವಾದ ಸಮಯ 11:17. ಈಗ ವೇಗ 64ರಿಂದ 90. ಮೊದಲ ಲೆಕ್ಕದಲ್ಲಿ ನೀವು ಹುಡುಕುತ್ತಿದ್ದದ್ದು ಬೇರೆ ಲಾರಿಯನ್ನು! 18 ಕಿ.ಮೀ. ಅನ್ನೂ ರಸ್ತೆಯ ಉದ್ದಕ್ಕೇ ಅಳೆಯಬೇಕು, ಕಾಗೆ ಹಾರಿದ ಹಾಗೆ ನೇರವಾಗಿ ಅಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ಕೆಲವು ಜಿಪಿಎಸ್ ದಾಖಲೆ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ನಮ್ಮ ಸಮಯಕ್ಕೆ ತರಲು ಐದೂವರೆ ಗಂಟೆ ಕೂಡಿಸಬೇಕು. ರಾತ್ರಿ 11ರ ಘಟನೆ ದಾಖಲೆಯಲ್ಲಿ ಸಂಜೆ 5:30 ಅಂತ ಇದ್ದರೆ ಗಾಬರಿ ಬೇಡ.

ಕ್ಯೂಜಿಐಎಸ್‌ನಲ್ಲಿ ಕೂರಿಸುವುದು

ಕ್ಯೂಜಿಐಎಸ್ ನಕ್ಷೆ ಮಾಡುವ ಉಚಿತ, ಮುಕ್ತ ತಂತ್ರಾಂಶ. ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ, ತನಿಖೆಯ ಕೆಲಸಕ್ಕೆ ಅದು ದೊಡ್ಡ ಗುಣ. ಬಿಂದುಗಳನ್ನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ: ಕ್ರಮಸಂಖ್ಯೆ, ವಸ್ತು, ಅಕ್ಷಾಂಶ, ರೇಖಾಂಶ, ಅಳೆದ ವಿಧಾನ, ಎಷ್ಟು ಮೀಟರ್ ಹೆಚ್ಚು ಕಡಿಮೆ ಇರಬಹುದು, ಯಾರು ಅಳೆದರು, ಎಷ್ಟು ಹೊತ್ತಿಗೆ.

ಕನ್ನಡದಲ್ಲಿ ಬರೆದಿದ್ದರೆ ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನೇ ಆರಿಸಿ. ಬರೀ ಸಿಎಸ್‌ವಿ ಅಂತ ಕೊಟ್ಟರೆ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಮಹಜರಿನಿಂದ ನಕಲಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿ.

‘ಲೇಯರ್’ ಮೆನುವಿನಲ್ಲಿ ‘ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಒತ್ತಿ. ಎಕ್ಸ್ ಜಾಗಕ್ಕೆ ರೇಖಾಂಶ, ವೈ ಜಾಗಕ್ಕೆ ಅಕ್ಷಾಂಶ. ಎಲ್ಲರೂ ಒಮ್ಮೆಯಾದರೂ ತಿರುಗಾಮುರುಗಾ ಮಾಡುತ್ತಾರೆ. ಬೆಂಗಳೂರಿನ 12.97 ಮತ್ತು 77.59 ಅದಲುಬದಲಾದರೆ ಬಿಂದು ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂರುತ್ತದೆ. ಇದಾದರೂ ಕಣ್ಣಿಗೆ ಬೀಳುವ ತಪ್ಪು, ತಿದ್ದಬಹುದು.

ಕಣ್ಣಿಗೆ ಬೀಳದ ತಪ್ಪು ನಿರ್ದೇಶಾಂಕ ಪದ್ಧತಿಯದು. ಫೋನು ಕೊಡುವ ಅಂಕಿ ಡಿಗ್ರಿಯಲ್ಲಿರುತ್ತದೆ, ಅದರ ಸಂಕೇತ ಇಪಿಎಸ್‌ಜಿ 4326. ಮೀಟರಿನಲ್ಲಿ ಅಳೆಯಬೇಕಾದರೆ ಯುಟಿಎಂಗೆ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಪದ್ಧತಿ) ಬದಲಿಸಬೇಕು. ಕರ್ನಾಟಕದ ಬಹುಪಾಲು ಯುಟಿಎಂ ವಲಯ 43ರಲ್ಲಿದೆ, ಸಂಕೇತ 32643. ಈ ವಲಯ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಬೆಂಗಳೂರು, ಹಿರಿಯೂರು ಒಳಗೆ. ಕೋಲಾರ, ಮುಳಬಾಗಿಲು, ಕೆಜಿಎಫ್ ಆಚೆಗೆ, ವಲಯ 44ರಲ್ಲಿ. ಕೋಲಾರದಿಂದ ಬೆಂಗಳೂರಿಗೆ ಓಡಿದ ವಾಹನದ ನಕ್ಷೆಯಾದರೆ ಯಾವುದಾದರೂ ಒಂದನ್ನು ಹಿಡಿದು, ಅದನ್ನು ಹಾಳೆಯ ಮೇಲೆ ಬರೆಯಿರಿ.

ಈಗ ಆ ‘ಎಷ್ಟು ಮೀಟರ್ ಹೆಚ್ಚು ಕಡಿಮೆ’ ಅಂಕಣ ಕೆಲಸಕ್ಕೆ ಬರುತ್ತದೆ. ‘ಬಫರ್’ ಟೂಲಿನಲ್ಲಿ ಆ ಅಂಕಣವನ್ನೇ ದೂರವಾಗಿ ಕೊಟ್ಟು ಪ್ರತಿ ಬಿಂದುವಿನ ಸುತ್ತ ವೃತ್ತ ಎಳೆಯಿರಿ. ಟೇಪಿನಿಂದ ಅಳೆದ ಗಾಜಿಗೆ ಸಣ್ಣ ವೃತ್ತ, ಫೋನಿನಿಂದ ಹಿಡಿದ ಜಾಗಕ್ಕೆ ದೊಡ್ಡದು. ಬರೀ ಚುಕ್ಕೆ ಇಟ್ಟರೆ ನೋಡುವವರು ‘ಸರಿಯಾಗಿ ಇಲ್ಲೇ’ ಅಂದುಕೊಳ್ಳುತ್ತಾರೆ, ನೀವು ಹಾಗೆ ಹೇಳಿರದಿದ್ದರೂ. ಯುಟಿಎಂಗೆ ಬದಲಿಸದೆ ಬಫರ್ ಕೊಟ್ಟರೆ 5 ಮೀಟರ್ ಬದಲು 5 ಡಿಗ್ರಿ, ಅಂದರೆ ಸುಮಾರು 550 ಕಿ.ಮೀ. ವೃತ್ತ ಬರುತ್ತದೆ. ದಕ್ಷಿಣ ಭಾರತ ಅರ್ಧಕ್ಕರ್ಧ ಆರೋಪಿಯಾಗುತ್ತದೆ.

ಟೇಪಿನ ಅಳತೆಗಳನ್ನು ಜಿಪಿಎಸ್ ಬಿಂದುಗಳ ಮೇಲೆ ಬಲವಂತವಾಗಿ ಕೂರಿಸಬೇಡಿ. ಮೋರಿಯ ಮೂಲೆಯನ್ನು ಸೊನ್ನೆ ಮಾಡಿಕೊಂಡ ಸ್ವಂತ ಗ್ರಿಡ್‌ನಲ್ಲೇ ಸ್ಥಳದ ನಕ್ಷೆ ಬರಲಿ. ಮೂಲೆಯಲ್ಲಿ ಪುಟ್ಟ ನಕ್ಷೆ ಒಂದಿರಲಿ, ಆ ಮೋರಿ ಹೆದ್ದಾರಿಯಲ್ಲಿ ಎಲ್ಲಿದೆ ಅಂತ ತೋರಿಸಲು.

ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅಥವಾ ಇಸ್ರೊದ ಭುವನ್ ಹಾಕಬಹುದು. ಗೂಗಲ್ ಅರ್ಥ್ ಪ್ರೊನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ದಿನಾಂಕದ ಪ್ರಕಾರ ಹಿಂದಕ್ಕೆ ಸರಿಸಿ ನೋಡಬಹುದು. ನಮ್ಮ ಹುಣಸೆ ಮರ ಅಲ್ಲಿ ಸಿಗುತ್ತದೆ. ಆದರೆ ಚಿತ್ರದ ದಿನಾಂಕವನ್ನು ನಕ್ಷೆಯ ಕೆಳಗೆ ಬರೆಯಲೇಬೇಕು. ಉಪಗ್ರಹ ಚಿತ್ರವೂ ಕೆಲವು ಮೀಟರ್ ಆಚೀಚೆ ಸರಿದಿರಬಹುದು. ಬಿಂದು ರಸ್ತೆ ಬಿಟ್ಟು ಹೊಲದಲ್ಲಿ ಕಂಡರೆ ಚಂದ ಕಾಣಲಿ ಅಂತ ಸುಮ್ನೆ ರಸ್ತೆಗೆ ಎಳೆಯಬೇಡಿ. ಸಾಕ್ಷ್ಯವನ್ನು ಕೈಯಿಂದ ಸರಿಸಿದ ಹಾಗಾಗುತ್ತದೆ. ಠಾಣೆ ಸರಹದ್ದಿನ ಗೊಂದಲ ಇದ್ದರೆ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್, ಗ್ರಾಮ ನೋಡಬಹುದು. ಅಂದಾಜಿಗೆ ಮಾತ್ರ. ಗಡಿಯೇ ವಿವಾದವಾದರೆ ಸರ್ವೇಯರ್ ಬರಬೇಕು.

ಕಂಡದ್ದು ಒಂದು ಪದರ, ಕೇಳಿದ್ದು ಇನ್ನೊಂದು

ಇದೊಂದು ವಿಷಯ ಎಷ್ಟೋ ನಕ್ಷೆಗಳನ್ನು ಕೆಡಿಸುತ್ತದೆ. ‘ಗಾಜು ಬಿದ್ದಿದ್ದ ಜಾಗ’ವನ್ನು ಅಧಿಕಾರಿ ಕಣ್ಣಾರೆ ನೋಡಿ ಅಳೆದಿದ್ದಾರೆ. ‘ಲಾರಿ ಗುದ್ದಿದ ಜಾಗ’ವನ್ನು ಟೀ ಅಂಗಡಿಯವರು ಕೈ ತೋರಿಸಿ ಹೇಳಿದ್ದಾರೆ. ಎರಡನ್ನೂ ಒಂದೇ ಬಣ್ಣದ ಚುಕ್ಕೆ ಮಾಡಿದರೆ ತೊಂದರೆ ಖಾತ್ರಿ. 1962ರ ಕಾನೂನು ವರದಿಗಳಲ್ಲಿರುವ ತೋರಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಸಬ್ ಇನ್‌ಸ್ಪೆಕ್ಟರ್ ತಾನು ನೋಡಿ ಗುರುತಿಸಿದ್ದು ಸಾಕ್ಷ್ಯವಾಗುತ್ತದೆ. ಸಾಕ್ಷಿಗಳು ಹೇಳಿದ್ದನ್ನು ಕೇಳಿ ನಕ್ಷೆಯಲ್ಲಿ ಇಟ್ಟ ಗುರುತು ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಮ, ಅದನ್ನು ಹಾಗೆ ಬಳಸಲು ಬರುವುದಿಲ್ಲ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 162. ಈಗ ಸುರಕ್ಷಾ ಸಂಹಿತೆಯ 181.

ಕೈನಕ್ಷೆಯಲ್ಲಿ ಇದನ್ನು ಬೇರೆ ಮಾಡುವುದು ಕಷ್ಟವಿತ್ತು. ಕ್ಯೂಜಿಐಎಸ್‌ನಲ್ಲಿ ಒಂದು ಟಿಕ್ ತೆಗೆದರೆ ಮುಗಿಯಿತು. ಮೂರು ಪದರ ಮಾಡಿ: ಅಳೆದದ್ದು, ಹೇಳಿದ್ದು, ಲೆಕ್ಕ ಹಾಕಿದ್ದು. ಪ್ರಿಂಟನ್ನೂ ಬೇರೆ ಬೇರೆ ತೆಗೆಯಿರಿ. ನ್ಯಾಯಾಧೀಶರು ‘ಹೇಳಿದ್ದು’ ಪದರವನ್ನು ಪಕ್ಕಕ್ಕಿಟ್ಟರೂ ಉಳಿದ ನಕ್ಷೆ ತನ್ನ ಕಾಲ ಮೇಲೆ ನಿಲ್ಲಬೇಕು.

ಟವರ್ ಲೊಕೇಶನ್

‘ಟವರ್ ಲೊಕೇಶನ್ ಸಿಕ್ಕಿದೆ ಸಾರ್, ಅಲ್ಲೇ ಇದ್ದ’ ಅನ್ನುವ ಮಾತು ಕೇಳಿರುತ್ತೀರಿ. ಸಿಡಿಆರ್‌ನಲ್ಲಿ, ಅಂದರೆ ಮೊಬೈಲ್ ಕಂಪನಿಯ ಕರೆ ದಾಖಲೆಯಲ್ಲಿ ಸಿಗುವುದು ಫೋನು ಯಾವ ಟವರಿನ ಯಾವ ಸೆಕ್ಟರಿಗೆ ಅಂಟಿಕೊಂಡಿತ್ತು ಅನ್ನುವುದು. ಸಾಮಾನ್ಯವಾಗಿ ಒಂದು ಟವರಿಗೆ ಮೂರು ಸೆಕ್ಟರ್, ಒಂದೊಂದೂ ಸುಮಾರು 120 ಡಿಗ್ರಿ. ಪೇಟೆಯಲ್ಲಿ ಕೆಲವು ನೂರು ಮೀಟರ್, ಹಿರಿಯೂರಿನಂಥ ಬಯಲಿನಲ್ಲಿ ಹಲವು ಕಿ.ಮೀ. ಹತ್ತಿರದ ಟವರೇ ಹಿಡಿಯಬೇಕು ಅಂತಲೂ ಇಲ್ಲ. ಆ ಹೊತ್ತಿನ ಒತ್ತಡ, ಮಧ್ಯದ ಗುಡ್ಡ ಎಲ್ಲ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಟವರಿನ ಮೇಲೆ ಆರೋಪಿಯ ಹೆಸರಿನ ಪಿನ್ ಚುಚ್ಚಬೇಡಿ. ‘ಕ್ರಿಯೇಟ್ ವೆಜ್ ಬಫರ್ಸ್’ ಟೂಲ್ ತೆರೆದು, ಆಂಟೆನಾ ಮುಖ ಮಾಡಿರುವ ದಿಕ್ಕು, ಅಗಲ 120, ವ್ಯಾಪ್ತಿ ಇಷ್ಟು ಅಂತ ಕೊಟ್ಟರೆ ಕಲ್ಲಂಗಡಿ ಹೋಳಿನ ಆಕಾರ ಬರುತ್ತದೆ. ಫೋನು ಆ ಹೋಳಿನೊಳಗೆ ಎಲ್ಲಾದರೂ ಇದ್ದಿರಬಹುದು. ಕಂಪನಿ ಕೊಟ್ಟ ಟವರ್ ಪಟ್ಟಿಯ ದಿನಾಂಕವನ್ನೂ ನೋಡಿ, ಘಟನೆಯ ದಿನ ಅದೇ ಪಟ್ಟಿ ಚಾಲ್ತಿಯಲ್ಲಿತ್ತಾ ಅಂತ.

ಇದು ಅತಿ ಎಚ್ಚರಿಕೆ ಅನಿಸಿದರೆ 2019ರ ಡೆನ್ಮಾರ್ಕ್ ನೆನಪಿರಲಿ. ಟೆಲಿಕಾಂ ಕಂಪನಿಗಳ ಕಚ್ಚಾ ದತ್ತಾಂಶವನ್ನು ಪೊಲೀಸರ ಸಾಫ್ಟ್‌ವೇರ್ ಬದಲಿಸುವಾಗ ಕೆಲವು ವಿವರ ಬಿಟ್ಟುಹೋಗುತ್ತಿತ್ತು. ಟವರ್‌ಗಳ ಸ್ಥಳದಲ್ಲೂ ತಪ್ಪು ಸಿಕ್ಕಿತು. ಮೊಬೈಲ್ ಸ್ಥಳದ ಸಾಕ್ಷ್ಯ ಬಳಸುವುದನ್ನು ಎರಡು ತಿಂಗಳು ನಿಲ್ಲಿಸಿ, 10,000ಕ್ಕೂ ಹೆಚ್ಚು ಹಳೆಯ ಪ್ರಕರಣಗಳನ್ನು ಮತ್ತೆ ತೆರೆದು ನೋಡಬೇಕಾಯಿತು.

ಸಾಕ್ಷಿಗೆ ಕಾಣುತ್ತಿತ್ತಾ?

ಕ್ಯೂಜಿಐಎಸ್‌ಗೆ ವಿಸಿಬಿಲಿಟಿ ಪ್ಲಗಿನ್ ಇದೆ. ನೆಲದ ಏರುತಗ್ಗಿನ ದತ್ತಾಂಶ ಕೊಟ್ಟರೆ ಒಂದು ಜಾಗದಿಂದ ಎಲ್ಲೆಲ್ಲಿ ಕಾಣುತ್ತದೆ ಅಂತ ಬಣ್ಣ ಹಚ್ಚುತ್ತದೆ. ಆದರೆ ಅದಕ್ಕೆ ಜಾಲಿ ಗಿಡ, ನಿಂತ ಬಸ್ಸು, ಎದುರು ಬರುವ ಹೆಡ್‌ಲೈಟ್ ಗೊತ್ತಿಲ್ಲ. ನನ್ನ ಮಾತು ಕೇಳಿದರೆ ಅದೇ ಹೊತ್ತಿಗೆ ಹೋಗಿ ಟೀ ಅಂಗಡಿ ಮುಂದೆ ನಿಂತು ಫೋಟೊ ತೆಗೆಯಿರಿ. ಬೆಳದಿಂಗಳಿತ್ತಾ ಇಲ್ವಾ ಅಂತ ಪಂಚಾಂಗ ನೋಡಿ ಬರೆದುಕೊಳ್ಳಿ.

ಹಾಳೆಗೆ ಇಳಿಸುವುದು, ಪ್ರಮಾಣಪತ್ರ

ಪ್ರಿಂಟ್ ಲೇಔಟ್‌ನಲ್ಲಿ ಸ್ಕೇಲ್ ಪಟ್ಟಿ, ಉತ್ತರದ ಬಾಣ, ಗುರುತುಗಳ ವಿವರ, ಕ್ರೈಂ ನಂಬರ್, ಅಳೆದ ದಿನ, ನಕ್ಷೆ ಮಾಡಿದ ದಿನ, ನಿರ್ದೇಶಾಂಕ ಪದ್ಧತಿ, ಮಾಡಿದವರ ಹೆಸರು ಇರಲಿ. ಮಹಜರಿನಲ್ಲಿ 31 ಅಡಿ, ನಕ್ಷೆಯಲ್ಲಿ 31 ಮೀಟರ್ ಆಗದ ಹಾಗೆ ನೋಡಿಕೊಳ್ಳಿ. ನಗಬೇಡಿ, ಇದು ಆಗುತ್ತದೆ.

ಎಲೆಕ್ಟ್ರಾನಿಕ್ ದಾಖಲೆ ಅಂದಮೇಲೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು. ಹೊಸ ಕಾನೂನಿನ ನಮೂನೆಯಲ್ಲಿ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಅದರಲ್ಲಿ ಹ್ಯಾಶ್ ಬರೆಯಲು ಜಾಗವಿದೆ. ಎಸ್‌ಎಚ್‌ಎ-256 ಅನ್ನುವ ಹ್ಯಾಶ್ ವಿಧಾನ ಬಳಸಿ. ಪ್ರಾಜೆಕ್ಟ್ ಫೈಲ್, ಸಿಎಸ್‌ವಿ, ಪಿಡಿಎಫ್, ಪ್ರತಿಯೊಂದಕ್ಕೂ ಬೇರೆ ಹ್ಯಾಶ್. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ಏನು ಬದಲಿಸಿದಿರಿ, ಯಾಕೆ, ಸಾಫ್ಟ್‌ವೇರಿನ ಯಾವ ಆವೃತ್ತಿ ಅಂತ ಬರೆಯುತ್ತಾ ಹೋಗಿ.

ಕೇಸಿನ ಬಿಂದುಗಳನ್ನು ಆನ್‌ಲೈನ್ ಉಚಿತ ನಕ್ಷೆಗಳಿಗೆ ಏರಿಸಿ ಲಿಂಕ್ ಹಂಚಬೇಡಿ. ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತೆಯ ಮನೆ ಗುರುತಿಸುವ ಚುಕ್ಕೆಯೂ ಆಕೆಯ ಗುರುತು ಬಿಟ್ಟುಕೊಟ್ಟಂತೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 72ರಲ್ಲಿ ಅದು ಶಿಕ್ಷಾರ್ಹ.

ಕೊನೆಗೆ ಪ್ರಿಂಟ್ ಹಿಡಿದು ಮತ್ತೆ ಜಾಗಕ್ಕೆ ಹೋಗಿ. ಘಟನೆಯ ದಿನ ಅಲ್ಲಿಗೆ ಬಂದಿರದ ಕಾನ್‌ಸ್ಟೇಬಲ್ ಒಬ್ಬರ ಕೈಗೆ ಹಾಳೆ, ಟೇಪು ಕೊಟ್ಟು ‘4ನೇ ಗುರುತಿನ ಮೇಲೆ ನಿಂತ್ಕೊಳ್ಳಿ’ ಅನ್ನಿ. ನೀವು ಬಾಯಿ ಬಿಡಬೇಡಿ. ಅವರು ಮೋರಿ ಹುಡುಕಿ, ಟೇಪು ಹಾಸಿ, ಬೈಕಿನ ಚಕ್ರ ಇದ್ದ ಜಾಗಕ್ಕೇ ಬಂದು ನಿಂತರೆ ಹಾಳೆಗೆ ಸಹಿ ಹಾಕಿ. ಮೂರು ಮೀಟರ್ ಆಚೆ ನಿಂತರೆ ವಾಪಸ್ ಬಂದು ಫೈಲ್ ತೆರೆಯಿರಿ, ತಪ್ಪು ಎಲ್ಲಿತ್ತು ಅನ್ನುವುದನ್ನೂ ಆ ನೋಟ್‌ಬುಕ್ಕಿನಲ್ಲಿ ಬರೆಯಿರಿ.